ಮಹಾಶಿಲ್ಪಿ ಬ್ರಾಂಕೂಸಿ

ರೊಮೇನಿಯಾ ದೇಶವನ್ನು ಕಾರ್ಪೇಥಿಯನ್ ಪರ್ವತಶ್ರೇಣಿಯು ಬಿಲ್ಲಿನಂತೆ ಬಳಸಿಕೊಂಡಿದೆ. ಆ ಶ್ರೇಣಿಯ ದಕ್ಷಿಣದ ತಪ್ಪಲಲ್ಲಿ ಗೋರ್ಜ್ ಎಂಬ ಸೀಮೆ. ಆ ಸೀಮೆಯಲ್ಲಿ ಹೊಬಿತ್ಸಾ ಎಂಬ ಸಣ್ಣ ಹಳ್ಳಿ. ಕಾಡು ಸಮೃದ್ಧವಾಗಿರುವ ಆ ನೆಲದಲ್ಲಿ ಮನೆಯ ಕಂಬ, ಹೆಬ್ಬಾಗಿಲು, ಕುಳಿತುಕೊಳ್ಳುವ ಮಣೆ, ಉಣ್ಣುವ ಚಮಚ ಮೊದಲಾದ ಎಲ್ಲವೂ ಮರದವೇ. ರೈತನೇ ಬಡಗಿ, ಬಡಗಿಯೇ ಚಿತ್ತಾರಗಾರ. ಜಗಲಿಯ ಕಂಬಗಳ ಮೇಲೆ ವಜ್ರಾಕೃತಿಗಳನ್ನೂ ಹಗ್ಗದ ಹುರಿಯಂಥ ಸುತ್ತುಗಳನ್ನೂ ಕಡೆಯುವುದು ಅಲ್ಲಿಯ ಹಳ್ಳಿಗರಿಗೆ ಉತ್ತು ಬಿತ್ತುವಷ್ಟೇ ಸಹಜವಾದ ಕೆಲಸವಾಗಿತ್ತು. ಇಂಥ ಹಳ್ಳಿಯಲ್ಲಿ, ಬಡ ರೈತ ದಂಪತಿಗಳಾದ ನಿಕೊಲಾಯೆ ಮತ್ತು ಮಾರಿಯಾ ಎಂಬವರ ಮಗನಾಗಿ, 1876ನೆಯ ಇಸವಿ ಫೆಬ್ರುವರಿ 19ರಂದು ಕಾನ್‌ಸ್ಟಾಂಟಿನ್ ಬ್ರಾಂಕೂಸಿ ಜನಿಸಿದನು. ಇಪ್ಪತ್ತನೆಯ ಶತಮಾನದ ಶಿಲ್ಪಕಲೆಯ ದಿಕ್ಕನ್ನೇ ತಿರುಗಿಸಿದವರಲ್ಲಿ ಮೊದಲಿಗನೆಂದು ಇಂದು ಲೋಕವು ಒಪ್ಪಿಕೊಂಡಿರುವ ಈತನ ಮೊದಲ ಪಾಠಶಾಲೆ ಆ ಮರದ ಮನೆಗಳೇ.

ಏಳನೆಯ ವಯಸ್ಸಿಗೆ ಬಾಲಕನು ಕುರಿ ಕಾಯಲು ಬೆಟ್ಟಕ್ಕೆ ಹೋದನು. ಮಂದೆಯ ಹಿಂದೆ ಅಲೆಯುವ ಹುಡುಗನ ಕೈಗೆ ಒಂದು ಚಾಕು, ಒಂದು ಕೊಂಬೆ ಸಿಕ್ಕರೆ ಸಾಕು, ಹೊತ್ತು ಸರಿಯುತ್ತಿತ್ತು. ಮನೆಯಲ್ಲಿ ಸುಖವಿರಲಿಲ್ಲ. ತಂದೆಯೂ ಮಲಸೋದರರೂ ಆತನನ್ನು ಒರಟಾಗಿ ನಡೆಸಿಕೊಂಡರು. ಮನೆಬಿಟ್ಟು ಓಡಿಹೋಗುವುದು ಆತನಿಗೆ ಅಭ್ಯಾಸವಾಯಿತು. ಒಂಬತ್ತನೆಯ ವಯಸ್ಸಿಗೆ ಹತ್ತಿರದ ತುರ್ಗು ಜಿಯು ಪಟ್ಟಣಕ್ಕೆ ಕೆಲಸ ಹುಡುಕಿಕೊಂಡು ಹೋದನು. ಹದಿಮೂರರಲ್ಲಿ ಕ್ರಯೋವಾ ನಗರವನ್ನು ಸೇರಿ, ಹೋಟಲುಗಳಲ್ಲಿಯೂ ಅಂಗಡಿಗಳಲ್ಲಿಯೂ ಲೋಟ ತೊಳೆದು, ಗಿರಾಕಿಗಳಿಗೆ ಬಡಿಸಿ, ಹೊಟ್ಟೆ ಹೊರೆದುಕೊಂಡನು. ಆ ದಿನಗಳಲ್ಲಿ ಹಳೆಯ ಪೆಟ್ಟಿಗೆಯ ಹಲಗೆಗಳಿಂದ ಒಂದು ಪಿಟೀಲನ್ನು ಮಾಡಿ ತೋರಿಸಿದನೆಂದೂ, ಅದರ ನಾದವನ್ನು ಕೇಳಿ ಬೆರಗಾದ ಹಿರಿಯರು ಆತನನ್ನು ಶಾಲೆಗೆ ಸೇರಿಸಿದರೆಂದೂ ಹೇಳುತ್ತಾರೆ. ಕಥೆಯಲ್ಲಿ ಬಣ್ಣವೆಷ್ಟು ಸತ್ಯವೆಷ್ಟು ಎಂಬುದು ಹಾಗಿರಲಿ. ಆತನ ಮರಗೆಲಸದ ಜಾಣ್ಮೆಯನ್ನು ಮೆಚ್ಚಿದ ಒಬ್ಬ ಉದ್ಯಮಿಯ ನೆರವಿನಿಂದ 1894ರಲ್ಲಿ ಆತನು ಕ್ರಯೋವಾದ ಕುಶಲಕಲೆಗಳ ಶಾಲೆಯನ್ನು ಸೇರಿದುದು ನಿಜ. ಅಕ್ಷರ ಬಾರದ ಹದಿನೆಂಟರ ತರುಣನು ಓದುಬರಹವನ್ನು ತಾನೇ ಕಲಿತುಕೊಂಡನು. ಸಣ್ಣ ಮಕ್ಕಳು ಕಲಿಯುವ ಅಕ್ಷರವನ್ನು ಮೀಸೆ ಮೂಡಿದ ಮೇಲೆ ಕಲಿಯುವುದಕ್ಕೆ ನಾಚದವನು ಮುಂದೆ ಯಾವುದನ್ನು ಕಲಿಯಲೂ ನಾಚಲಿಲ್ಲ.

ಕ್ರಯೋವಾದಲ್ಲಿ ಕಲಿತುದು ಮುಖ್ಯವಾಗಿ ಮರದ ಕೆಲಸ. ಮರವು ಶಿಷ್ಯನಿಗೆ ಮೊದಲು ಕಲಿಸುವುದು ವಿನಯವನ್ನು. ಎಳೆಯ ದಿಕ್ಕನ್ನು ನೋಡಿ ಉಳಿಯನ್ನು ನಡೆಸಿದರೆ ಬೆಣ್ಣೆಯಂತೆ ಕೊಡುತ್ತದೆ. ಎಳೆಗೆ ಎದುರಾಗಿ ನಡೆಸಿದರೆ ಸಿಗಿದುಕೊಂಡು ಏಳುತ್ತದೆ. ಹಸಿಯ ಮರವನ್ನು ಅವಸರಪಟ್ಟು ಕಡೆದರೆ ಒಣಗುವಾಗ ಬಿರಿಯುತ್ತದೆ. ಗಂಟು ಎಲ್ಲಿದೆ, ತಿರುಳು ಯಾವ ಕಡೆ ವಾಲಿದೆ ಎಂಬುದನ್ನು ಹೊರಗಿನಿಂದಲೇ ಊಹಿಸಬೇಕು. ಈ ವಿದ್ಯೆಯನ್ನು ಆತನು ನಾಲ್ಕು ವರ್ಷ ಶ್ರದ್ಧೆಯಿಂದ ಅಭ್ಯಾಸಮಾಡಿ, 1898ರಲ್ಲಿ ಗೌರವಪೂರ್ವಕವಾಗಿ ಉತ್ತೀರ್ಣನಾದನು. ಒಳ್ಳೆಯ ಪೀಠೋಪಕರಣಗಳನ್ನು ಮಾಡಿಕೊಂಡು ನೆಮ್ಮದಿಯಾಗಿ ಬಾಳಲು ಇಷ್ಟೇ ಸಾಕಾಗಿತ್ತು. ಆದರೆ ಆತನು ರಾಜಧಾನಿ ಬುಖಾರೆಸ್ಟಿಗೆ ಹೋಗಿ ಲಲಿತಕಲೆಗಳ ಶಾಲೆಯನ್ನು ಸೇರಿದನು.

ಅಲ್ಲಿಯ ವಿದ್ಯೆಯೇ ಬೇರೆ. ಅದು ಜೇಡಿಮಣ್ಣಿನ ವಿದ್ಯೆ. ಮನುಷ್ಯಶರೀರವನ್ನು ಅಂಗಾಂಗವಾಗಿ ಅರಿತು, ಮಣ್ಣಿನಲ್ಲಿ ಯಥಾವತ್ತಾಗಿ ರೂಪಿಸುವುದು ಅದರ ಗುರಿ. ಅಂಗರಚನಾಶಾಸ್ತ್ರದ ವಿದ್ವಾಂಸನಾದ ಡಾಕ್ಟರ್ ದಿಮಿತ್ರಿಯೆ ಗೆರೋಟನ ಮಾರ್ಗದರ್ಶನದಲ್ಲಿ ಬ್ರಾಂಕೂಸಿಯು ಚರ್ಮ ಸುಲಿದ ಮನುಷ್ಯನ ಪೂರ್ಣಪ್ರಮಾಣದ ವಿಗ್ರಹವೊಂದನ್ನು ನಿರ್ಮಿಸಿದನು. ಒಂದೊಂದು ಸ್ನಾಯುವೂ ತನ್ನ ಸ್ಥಾನದಲ್ಲಿ, ತನ್ನ ಬಿಗಿಯಲ್ಲಿ ಕಾಣುವಂತಿದ್ದ ಆ ವಿಗ್ರಹದ ಅಚ್ಚುಗಳನ್ನು ವೈದ್ಯವಿದ್ಯಾರ್ಥಿಗಳ ಪಾಠಕ್ಕೆ ಬಳಸಿದರು. ಈ ಸಂಗತಿಯನ್ನು ಗಮನದಲ್ಲಿಡಬೇಕು. ಮುಂದೆ ಆತನು ಕಣ್ಣು ಮೂಗುಗಳಿಲ್ಲದ ನುಣುಪಾದ ರೂಪಗಳನ್ನು ಮಾಡತೊಡಗಿದಾಗ, ಇವನಿಗೆ ಮನುಷ್ಯಾಕೃತಿಯನ್ನು ಮಾಡಲು ಬರುವುದಿಲ್ಲ ಎಂದು ನಕ್ಕವರಿದ್ದರು. ಬಾರದೆ ಬಿಟ್ಟವನು ಅವನಲ್ಲ. ಚೆನ್ನಾಗಿ ಬಂದಮೇಲೆ ಬಿಟ್ಟವನು.

1902ರಲ್ಲಿ ಬುಖಾರೆಸ್ಟಿನ ವ್ಯಾಸಂಗ ಮುಗಿಯಿತು. ಆ ಕಾಲದ ಶಿಲ್ಪಿಗಳ ಕಾಶಿಯೆಂದರೆ ಪ್ಯಾರಿಸ್. ಕೈಯಲ್ಲಿ ಹಣವಿಲ್ಲ. ಮ್ಯೂನಿಕ್ ನಗರದಲ್ಲಿ ಕೆಲಕಾಲ ತಂಗಿ, ಅಲ್ಲಿಂದ ಬಹುಪಾಲು ಕಾಲ್ನಡಿಗೆಯಲ್ಲಿಯೇ ಪ್ರಯಾಣಮಾಡಿ, ದಾರಿಯಲ್ಲಿ ಮಳೆಗೆ ಸಿಕ್ಕಿ, ಶ್ವಾಸಕೋಶದ ಬೇನೆಯಿಂದ ಮಲಗಿ, ಎದ್ದು, 1904ರಲ್ಲಿ ಆ ನಗರವನ್ನು ತಲಪಿದನು. ತನ್ನ ಜೀವನದ ಕಥೆಗಳು ಬೆಳೆಯುವುದನ್ನು ಕಂಡು ಸಂತೋಷಪಡುವ ಸ್ವಭಾವ ಆತನಿಗೆ ಇದ್ದುದರಿಂದ ಈ ನಡಿಗೆಯೂ ಹೇಳಿದಷ್ಟು ಸಲ ಉದ್ದವಾಗಿದೆ. ಆದರೂ ಬಡತನವು ಕಥೆಯಲ್ಲ. ಪ್ಯಾರಿಸಿನಲ್ಲಿ ಆತನು ಹೋಟಲಿನ ಎಂಜಲು ತಟ್ಟೆಗಳನ್ನು ತೊಳೆದನು. ಕಂಠ ಚೆನ್ನಾಗಿದ್ದುದರಿಂದ ರೊಮೇನಿಯಾದವರ ಪ್ರಾರ್ಥನಾಮಂದಿರದಲ್ಲಿ ಹಾಡಿ ನಾಲ್ಕು ಕಾಸು ಸಂಪಾದಿಸಿದನು. 1905ರಲ್ಲಿ ಸರ್ಕಾರದ ಪ್ರಸಿದ್ಧ ಲಲಿತಕಲಾ ಶಾಲೆಯಲ್ಲಿ ಆಂತೊನೆ ಮರ್ಸಿಯೆ ಎಂಬ ಶಿಲ್ಪಿಯ ಬಳಿ ಶಿಷ್ಯನಾದನು. ಮೂವತ್ತು ವರ್ಷ ದಾಟಿದವರಿಗೆ ಅಲ್ಲಿ ಎಡೆಯಿಲ್ಲವೆಂಬ ನಿಯಮದಂತೆ 1907ರ ವೇಳೆಗೆ ಅದನ್ನೂ ಬಿಡಬೇಕಾಯಿತು.

ಅದೇ ವರ್ಷ ಆತನಿಗೆ ದೊರೆತ ಅವಕಾಶವು ಯಾವ ತರುಣಶಿಲ್ಪಿಯಾದರೂ ಕನಸು ಕಾಣುವಂಥದು. ಜಗದ್ವಿಖ್ಯಾತನಾದ ಅಗಸ್ಟ್ ರೊದೆನನ ಕರ್ಮಶಾಲೆಯಲ್ಲಿ ಸಹಾಯಕನ ಕೆಲಸ! ರೊದೆನನು ಕೈಯಿಂದ ಮಣ್ಣನ್ನು ರೂಪಿಸುತ್ತಿದ್ದನು. ಆ ಮಣ್ಣಿನ ರೂಪದಿಂದ ಗಾರೆಯ ಅಚ್ಚನ್ನು ತೆಗೆಯುತ್ತಿದ್ದರು. ಗಾರೆಯ ವಿಗ್ರಹದ ಮೇಲೆ ನೂರಾರು ಚುಕ್ಕೆಗಳನ್ನು ಗುರುತಿಸಿ, ಅಳತೆಯ ಯಂತ್ರದ ಸೂಜಿಯಿಂದ ಒಂದೊಂದು ಚುಕ್ಕೆಯ ಆಳವನ್ನು ಅಮೃತಶಿಲೆಗೆ ಸಾಗಿಸಿ, ಅಷ್ಟಷ್ಟು ಆಳಕ್ಕೆ ಕಲ್ಲನ್ನು ಕೊರೆದು, ಉಳಿದುದನ್ನು ಸಹಾಯಕರು ಕಡೆದು ಮುಗಿಸುತ್ತಿದ್ದರು. ಆ ಯುಗದ ಬಹುಮಂದಿ ಶಿಲ್ಪಿಗಳ ಕ್ರಮವೇ ಇದು. ಕಲ್ಲು ಇಲ್ಲಿ ಮಣ್ಣಿನ ನಕಲನ್ನು ಹೊರುವ ಆಳು. ಶಿಲ್ಪಿಯಾದವನು ಚಾಣವನ್ನು ಮುಟ್ಟದೆಯೇ ಅಮೃತಶಿಲೆಯ ಶಿಲ್ಪಿಯೆನಿಸಬಹುದಾಗಿತ್ತು.

ಬ್ರಾಂಕೂಸಿಯು ಅಲ್ಲಿದ್ದುದು ಕೆಲವೇ ವಾರಗಳು. ಹಿರಿಯ ಮರದ ನೆರಳಿನಲ್ಲಿ ಕಿರಿಯ ಗಿಡವು ಏಳುವುದಿಲ್ಲವೆಂಬ ಅರ್ಥದ ಮಾತನ್ನಾಡಿ ಹೊರಟುಬಂದನೆಂದು ಎಲ್ಲರೂ ಬರೆಯುತ್ತಾರೆ. ರೊದೆನನ ಮೇಲೆ ಆತನಿಗೆ ಗೌರವವು ಕಡಿಮೆಯಾಗಲಿಲ್ಲ. ಆದರೆ ಅಲ್ಲಿದ್ದ ದಿನಗಳಲ್ಲಿ ತನ್ನ ಕೈಯಿಂದ ಬರುತ್ತಿದ್ದುದೆಲ್ಲ ರೊದೆನನ ಶೈಲಿಯಾಗಿಯೇ ಬರುತ್ತಿದ್ದುದನ್ನು ಕಂಡು ಆತನಿಗೆ ಭಯವಾಯಿತು. ಬಿಟ್ಟುಬಂದುದು ಸಾಮಾನ್ಯವಾದ ಸಂಗತಿಯಲ್ಲ. ಮೂವತ್ತೊಂದು ವರ್ಷದವನಿಗೆ ನಿಶ್ಚಿತವಾದ ಸಂಬಳ, ಗುರುವಿನ ಹೆಸರಿನ ಆಸರೆ, ನಾಳೆ ಸಿಗಬಹುದಾದ ದೊಡ್ಡ ಕೆಲಸಗಳು, ಜೊತೆಗೆ ಹತ್ತು ವರ್ಷ ಕಷ್ಟಪಟ್ಟು ಕಲಿತ ಮಣ್ಣಿನ ವಿದ್ಯೆ, ಇಷ್ಟನ್ನೂ ಆತನು ಪಣಕ್ಕೆ ಒಡ್ಡಿದನು. ಅದಕ್ಕೆ ಪ್ರತಿಯಾಗಿ ಆತನ ಕೈಯಲ್ಲಿದ್ದುದು ಒಂದು ಕಲ್ಲು ಮಾತ್ರ.

ಆ ಕಲ್ಲಿನಿಂದ 1907-08ರಲ್ಲಿ ಹೊರಬಂದುದು ‘ಚುಂಬನ’ವೆಂಬ ಶಿಲ್ಪ. ಎತ್ತರ ಒಂದಡಿಗೂ ಕಡಿಮೆ, ಕೇವಲ 28 ಸೆಂಟಿಮೀಟರು. ಇಬ್ಬರು ಒಬ್ಬರನ್ನೊಬ್ಬರು ತೋಳಿನಿಂದ ಬಳಸಿಕೊಂಡಿದ್ದಾರೆ. ಎರಡು ಮುಖಗಳ ನಡುವೆ ಒಂದು ಗೆರೆ ಮಾತ್ರ. ಎರಡು ಕಣ್ಣುಗಳು ಕೂಡಿ ಒಂದೇ ಕಣ್ಣಿನಂತೆ ಕಾಣುತ್ತವೆ. ಮಣ್ಣಿನ ಮಾದರಿಯಿಲ್ಲ, ಅಳತೆಯ ಯಂತ್ರವಿಲ್ಲ. ಸುಣ್ಣಕಲ್ಲಿನ ಚೌಕವಾದ ತುಂಡಿನ ಮೇಲೆ ನೇರವಾಗಿ ಚಾಣವನ್ನಿಟ್ಟು ಕಡೆದುದು. ಮುಗಿದ ಮೇಲೂ ಅದು ಚೌಕವಾದ ಕಲ್ಲಾಗಿಯೇ ಉಳಿದಿದೆ, ಅದರೊಳಗೆ ಇಬ್ಬರು ಮನುಷ್ಯರೂ ಇದ್ದಾರೆ. ರೊದೆನನಿಗೂ ಇದೇ ಹೆಸರಿನ ಸುಪ್ರಸಿದ್ಧ ಅಮೃತಶಿಲೆಯ ಕೃತಿಯೊಂದಿದೆಯೆಂಬುದನ್ನು ನೆನೆದರೆ, ಶಿಷ್ಯನು ಮಾತಿಲ್ಲದೆ ಏನು ಹೇಳಿದನೆಂಬುದು ತಿಳಿಯುತ್ತದೆ.

ನೇರವಾಗಿ ಕಡೆಯುವುದರ ಕಷ್ಟವು ಕೈಯಲ್ಲಿ ಸುತ್ತಿಗೆ ಹಿಡಿದವರಿಗೇ ಗೊತ್ತು. ಮಣ್ಣಿನಲ್ಲಿ ತಪ್ಪಿದರೆ ಒಂದು ಹಿಡಿ ಮಣ್ಣನ್ನು ಮತ್ತೆ ಮೆತ್ತಬಹುದು. ಕಲ್ಲಿನಿಂದ ಹಾರಿಹೋದ ಚಕ್ಕೆ ಹಿಂದಿರುಗುವುದಿಲ್ಲ. ಮೊದಲು ಮೊನೆಯ ಚಾಣದಿಂದ ಒರಟಾಗಿ ಕಲ್ಲನ್ನು ಇಳಿಸಬೇಕು. ಆಮೇಲೆ ಹಲ್ಲುಗಳುಳ್ಳ ಚಾಣದಿಂದ ರೂಪವನ್ನು ಹತ್ತಿರಕ್ಕೆ ತರಬೇಕು. ಚಪ್ಪಟೆಯ ಚಾಣವು ಕೊನೆಯಲ್ಲಿ. ಮೂರು ಹಂತಗಳಲ್ಲಿಯೂ ಒಳಗಿರುವ ರೂಪಕ್ಕೆ ಪೆಟ್ಟು ತಾಗದಂತೆ ಒಂದಿಷ್ಟು ಕಲ್ಲನ್ನು ಮೀಸಲಾಗಿ ಉಳಿಸಿಕೊಂಡೇ ಸಾಗಬೇಕು. ಅಮೃತಶಿಲೆಗೆ ಚಾಣವನ್ನು ನೆಟ್ಟಗೆ ಹಿಡಿದು ಬಲವಾಗಿ ಹೊಡೆದರೆ ಪೆಟ್ಟು ಒಳಗಿಳಿದು ಕಲ್ಲು ನಸುಬಿಳುಪಾಗಿ ಜಜ್ಜಿಹೋಗುತ್ತದೆ. ಆ ಕಲೆಯು ಎಷ್ಟು ಉಜ್ಜಿದರೂ ಹೋಗದು. ಆಮೇಲೆ ಉಳಿಯುವುದು ಉಜ್ಜುವ ಕೆಲಸ. ಬ್ರಾಂಕೂಸಿಯು ಒಂದೊಂದು ಕೃತಿಯನ್ನು ವಾರಗಟ್ಟಲೆ, ಕೆಲವನ್ನು ತಿಂಗಳುಗಟ್ಟಲೆ ತನ್ನ ಕೈಯಿಂದಲೇ ಉಜ್ಜಿದನು. ನುಣುಪು ಎಂಬುದು ಆತನಿಗೆ ಮೇಲಿನಿಂದ ಹಚ್ಚುವ ಅಲಂಕಾರವಾಗಿರಲಿಲ್ಲ, ಕೊನೆಯ ಕೆತ್ತನೆಯಾಗಿತ್ತು.

ಕಲ್ಲನ್ನು ಹೀಗೆ ಕೈವಶಮಾಡಿಕೊಂಡ ಮೇಲೆ, 1913-14ರ ಸುಮಾರಿಗೆ, ಆತನು ಮರಳಿ ಮರಕ್ಕೆ ಬಂದನು. ಕೆಡವಿದ ಹಳೆಯ ಮನೆಗಳ ಓಕ್ ತೊಲೆಗಳನ್ನು ತಂದು ಕಡೆಯತೊಡಗಿದನು. ಒಂದು ತಲೆಮಾರಿಗೂ ಹೆಚ್ಚುಕಾಲ ಒಣಗಿದ ತೊಲೆಗೆ ಬಿರಿಯುವ ಅಂಜಿಕೆಯಿಲ್ಲ. ಕಲ್ಲನ್ನು ಕನ್ನಡಿಯಂತೆ ಹೊಳೆಯಿಸಿದ ಅದೇ ಕೈ ಮರದ ಮೇಲೆ ಬಾಚಿಯ ಏಟುಗಳನ್ನೂ ಗರಗಸದ ಗೆರೆಗಳನ್ನೂ ಹಾಗೆಯೇ ಬಿಟ್ಟಿತು. ಒಂದೊಂದು ದ್ರವ್ಯಕ್ಕೂ ಅದರದೇ ಧರ್ಮವುಂಟೆಂದು ಆತನು ನಂಬಿದ್ದನು. 1918ರಲ್ಲಿ ಓಕ್ ಮರದಲ್ಲಿ ಕಡೆದ ‘ಅನಂತಸ್ತಂಭ’ದ ಮೊದಲ ರೂಪವು ಎರಡು ಮೀಟರುಗಳಿಗಿಂತ ತುಸು ಎತ್ತರ. ಒಂದರ ಮೇಲೊಂದು ವಜ್ರಾಕೃತಿಗಳು ಏರುತ್ತ, ತುದಿಯಲ್ಲಿ ಅರ್ಧಕ್ಕೇ ನಿಂತು, ಮುಂದೆಯೂ ಹೀಗೆಯೇ ಎಂದು ಸೂಚಿಸುವ ಆ ಕಂಬವು ಕಲಾವಿಮರ್ಶಕರಿಗೆ ಹೊಸದಾಗಿ ತೋರಿತು. ಹೊಬಿತ್ಸಾದ ಮುದುಕನೊಬ್ಬನು ನೋಡಿದ್ದರೆ ತನ್ನ ಜಗಲಿಯ ಕಂಬವನ್ನು ಗುರುತಿಸುತ್ತಿದ್ದನು.

1916ರಿಂದ ಕೊನೆಯ ದಿನದವರೆಗೆ ಆತನು ಬಾಳಿದುದು ಪ್ಯಾರಿಸಿನ ರೋನ್ಸೆ ಎಂಬ ಓಣಿಯಲ್ಲಿ. ವಿಶ್ವಪ್ರಸಿದ್ಧನಾದ ಮೇಲೂ ಆತನ ಬದುಕು ರೈತನದೇ. ಬಿಳಿಯ ಉಡುಪು, ನೀಳವಾದ ಗಡ್ಡ, ತಾನೇ ಮಾಡಿದ ಮೇಜು ಮಣೆಗಳು, ತಾನೇ ಕಟ್ಟಿದ ಕಲ್ಲಿನ ಒಲೆ. ಬಂದ ಅತಿಥಿಗಳಿಗೆ ತಾನೇ ಅಡುಗೆ ಮಾಡಿ ಬಡಿಸುತ್ತಿದ್ದನು. ಹನ್ನೊಂದನೆಯ ಶತಮಾನದ ಟಿಬೆಟಿನ ಯೋಗಿ ಮಿಲರೇಪನ ಚರಿತ್ರೆಯು 1925ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟವಾಯಿತು. ಅದು ಆತನ ನಿತ್ಯದ ಒಡನಾಡಿಯಾಯಿತು.

1927ರಲ್ಲಿ ಇಸಾಮು ನೊಗುಚಿ ಎಂಬ ಇಪ್ಪತ್ತೆರಡು ವರ್ಷದ ತರುಣನು ಅಮೆರಿಕದಿಂದ ಆ ಓಣಿಗೆ ಬಂದನು. ಆತನಿಗೆ ಫ್ರೆಂಚ್ ಬಾರದು, ಗುರುವಿಗೆ ಇಂಗ್ಲಿಷ್ ಬಾರದು. ಪಾಠವೆಲ್ಲ ಕೈಸನ್ನೆಯಲ್ಲಿ. ಮೊದಲು ಕೊಟ್ಟ ಕೆಲಸ ವಿಗ್ರಹವನ್ನು ಕಡೆಯುವುದಲ್ಲ, ಸುಣ್ಣಕಲ್ಲಿನ ಪೀಠಗಳನ್ನು ಸಮಮಾಡುವುದು. ಗರಗಸವನ್ನು ಒತ್ತದೆ ಅದರ ಭಾರಕ್ಕೇ ಕೊಯ್ಯಲು ಬಿಡುವುದು, ಅಂಚನ್ನು ನೇರಗೊಳಿಸುವುದು, ಮೈಯನ್ನು ಸಪಾಟುಮಾಡುವುದು, ಆಯುಧಗಳನ್ನು ಸಾಣೆಹಿಡಿದು ಅವುಗಳ ಸ್ಥಾನದಲ್ಲಿಡುವುದು. ಕೈ ಒಂದು ಕಡೆ, ಗಮನ ಒಂದು ಕಡೆ ಆದಾಗಲೆಲ್ಲ ಗುರುವು ತಡೆಯುತ್ತಿದ್ದನು. ಕೆಲವೇ ತಿಂಗಳುಗಳ ಈ ಶಿಷ್ಯವೃತ್ತಿಯನ್ನು ನೊಗುಚಿಯು ಜೀವಮಾನವೆಲ್ಲ ನೆನೆದನು. ಮುಂದೆ ಆತನೂ ಕಲ್ಲಿನ ಮಹಾಶಿಲ್ಪಿಯಾಗಿ ಹೆಸರಾಗಿ 1988ರಲ್ಲಿ ತೀರಿಕೊಂಡನು.

ಆ ವೇಳೆಗೆ ಬ್ರಾಂಕೂಸಿಯ ಹಕ್ಕಿಯೊಂದು ನ್ಯಾಯಾಲಯದ ಕಟ್ಟೆಯನ್ನು ಏರಿತ್ತು. ರೊಮೇನಿಯಾದ ಜನಪದ ಕಥೆಗಳ ಮಾಯಾಪಕ್ಷಿ ‘ಮಾಯಾಸ್ತ್ರ’ದಿಂದ 1910ರ ಸುಮಾರಿಗೆ ಆರಂಭವಾದ ಆತನ ಹಕ್ಕಿಯ ಶೋಧನೆಯು ಮೂರು ದಶಕಗಳ ಕಾಲ ನಡೆಯಿತು. ಮೊದಲು ಎದೆಯುಬ್ಬಿಸಿದ ಹಕ್ಕಿ. ಬರಬರುತ್ತ ರೆಕ್ಕೆ, ಕೊಕ್ಕು, ಗರಿಗಳೆಲ್ಲ ಕಳಚಿ, 1923ರ ಅಮೃತಶಿಲೆಯ ‘ಆಕಾಶದಲ್ಲಿ ಹಕ್ಕಿ’ಯಲ್ಲಿ ಉಳಿದುದು ಮೇಲೇರುವಿಕೆ ಮಾತ್ರ. 1926ರಲ್ಲಿ ಇದೇ ಹೆಸರಿನ ಕಂಚಿನ ಕೃತಿಯೊಂದು ಹಡಗಿನಲ್ಲಿ ನ್ಯೂಯಾರ್ಕನ್ನು ತಲಪಿತು. ಕಲಾಕೃತಿಗೆ ಸುಂಕವಿಲ್ಲ. ಆದರೆ ಸುಂಕದ ಅಧಿಕಾರಿಗಳು, ಇದು ಹಕ್ಕಿಯಂತೆ ಕಾಣುವುದಿಲ್ಲವಾದ್ದರಿಂದ ಕಲಾಕೃತಿಯಲ್ಲವೆಂದು ನಿರ್ಣಯಿಸಿ, ಅಡುಗೆಮನೆಯ ಪಾತ್ರೆಗಳು ಮತ್ತು ಆಸ್ಪತ್ರೆಯ ಸಾಮಗ್ರಿಗಳ ಸಾಲಿಗೆ ಸೇರಿಸಿ, ನೂರಕ್ಕೆ 40ರಂತೆ ಸುಂಕವನ್ನು ವಿಧಿಸಿದರು. ಶಿಲ್ಪಿಯ ಮಿತ್ರರು ಮೊಕದ್ದಮೆ ಹೂಡಿದರು. ಕೃತಿಯನ್ನು ಕೊಂಡಿದ್ದ ಛಾಯಾಚಿತ್ರಕಾರ ಎಡ್ವರ್ಡ್ ಸ್ಟೈಕೆನ್, ಶಿಲ್ಪಿ ಜೇಕಬ್ ಎಪ್‌ಸ್ಟೈನ್ ಮೊದಲಾದವರು ಸಾಕ್ಷಿ ನುಡಿದರು. ಎರಕವನ್ನು ಎರಕದವರು ಹೊಯ್ದಿದ್ದರೂ ಅರದಿಂದ ಉಜ್ಜಿ ರೂಪವನ್ನು ಮುಗಿಸಿದವನು ತಾನೇ ಎಂದು ಬ್ರಾಂಕೂಸಿಯು ಪ್ಯಾರಿಸಿನಿಂದ ಹೇಳಿಕೆ ಕೊಟ್ಟನು. 1928ರ ನವೆಂಬರಿನಲ್ಲಿ ನ್ಯಾಯಾಧೀಶರು ಆತನ ಪರವಾಗಿ ತೀರ್ಪಿತ್ತರು. ಹೋಲಿಕೆಯಿಲ್ಲದ ರೂಪವೂ ಶಿಲ್ಪವೆನಿಸಬಹುದೆಂದು ಅಮೆರಿಕದ ಕಾನೂನು ಒಪ್ಪಿಕೊಂಡುದು ಹೀಗೆ.

ಈ ಹಕ್ಕಿಯೇ ಆತನನ್ನು ಭಾರತಕ್ಕೂ ಕರೆತಂದಿತು. ಇಂದೂರಿನ ತರುಣ ಮಹಾರಾಜ ಎರಡನೆಯ ಯಶವಂತರಾವ್ ಹೋಳ್ಕರನು 1933ರಲ್ಲಿ ಕಂಚಿನ ಹಕ್ಕಿಯೊಂದನ್ನು ಕೊಂಡು, ಬಿಳಿಯ ಮತ್ತು ಕರಿಯ ಅಮೃತಶಿಲೆಗಳಲ್ಲಿ ಇನ್ನೆರಡನ್ನು ಮಾಡಿಸಿದನು. ಕಂಚಿಗೆ ಸುಲಭವಾದುದು ಕಲ್ಲಿಗೆ ಪ್ರಾಣಸಂಕಟ. ಆಳೆತ್ತರವನ್ನು ಮೀರಿದ ದೇಹವೆಲ್ಲ ಬುಡದ ಬಳಿ ಮಣಿಕಟ್ಟಿನಷ್ಟು ಕಿರಿದಾದ ಕುತ್ತಿಗೆಯ ಮೇಲೆ ನಿಲ್ಲಬೇಕು. ಭಾರವನ್ನು ಹೊರಬಲ್ಲ ಕಲ್ಲಿಗೆ ಬಾಗುವ ಶಕ್ತಿಯಿಲ್ಲ. ಮೂರು ಹಕ್ಕಿಗಳಿಗಾಗಿ ಇಂದೂರಿನಲ್ಲಿ ಧ್ಯಾನಮಂದಿರವೊಂದನ್ನು ಕಟ್ಟುವ ಯೋಜನೆಯಾಯಿತು. ಶಿಲ್ಪಿಯು ಅದರ ರೂಪರೇಷೆಗಳನ್ನು ಬಹುಕಾಲ ಮನಸ್ಸಿನಲ್ಲಿ ತಿದ್ದಿದನು. ಅಷ್ಟರಲ್ಲಿ, 1937ರಲ್ಲಿ, ಮಹಾರಾಣಿ ಸಂಯೋಗಿತಾದೇವಿ ತೀರಿಕೊಂಡಳು. ಆ ವರ್ಷದ ಕೊನೆಯಲ್ಲಿ ಹೊರಟ ಬ್ರಾಂಕೂಸಿಯು 1938ರ ಆರಂಭದಲ್ಲಿ ಇಂದೂರಿನಲ್ಲಿದ್ದು, ಕೆಲಸವು ಮುಂದುವರಿಯುವ ಲಕ್ಷಣ ಕಾಣದೆ ಹಿಂದಿರುಗಿದನು. ಮಂದಿರವು ಏಳಲಿಲ್ಲ. ಅಮೃತಶಿಲೆಯ ಎರಡು ಹಕ್ಕಿಗಳು 1973ರಲ್ಲಿ ಆಸ್ಟ್ರೇಲಿಯದ ರಾಷ್ಟ್ರೀಯ ಕಲಾಸಂಗ್ರಹಕ್ಕೆ ಮಾರಾಟವಾಗಿ ಕ್ಯಾನ್‌ಬೆರಾ ಸೇರಿದವು. ಭಾರತದ ನೆಲಕ್ಕೆ ಇದೊಂದು ನಷ್ಟವೇ ಸರಿ.

ಇಂದೂರಿನಲ್ಲಿ ಕೈತಪ್ಪಿದುದು ಹುಟ್ಟಿದ ಸೀಮೆಯಲ್ಲಿ ಕೈಗೂಡಿತು. ಮೊದಲನೆಯ ಮಹಾಯುದ್ಧದಲ್ಲಿ, 1916ರಲ್ಲಿ, ಜಿಯು ನದಿಯ ದಡದಲ್ಲಿ ಹೋರಾಡಿ ಮಡಿದವರ ಸ್ಮಾರಕವನ್ನು ನಿರ್ಮಿಸಬೇಕೆಂದು ಗೋರ್ಜ್ ಸೀಮೆಯ ಮಹಿಳೆಯರ ಸಂಘವು ಆತನನ್ನು ಕೇಳಿಕೊಂಡಿತು. ಬಾಲ್ಯದಲ್ಲಿ ಕೆಲಸ ಹುಡುಕಿಕೊಂಡು ಬಂದಿದ್ದ ಅದೇ ತುರ್ಗು ಜಿಯು ಪಟ್ಟಣ. ನದಿಯ ಬಳಿ ಹನ್ನೆರಡು ಕಲ್ಲಿನ ಮಣೆಗಳು ಸುತ್ತುವರಿದ ‘ಮೌನದ ಮೇಜು’. ಉದ್ಯಾನದ ಬಾಯಲ್ಲಿ, ಮೂವತ್ತು ವರ್ಷಗಳ ಹಿಂದಿನ ಆ ಪುಟ್ಟ ಕಲ್ಲಿನ ನೆನಪನ್ನು ಕಂಬಗಳ ಮೇಲೆ ಹೊತ್ತ ‘ಚುಂಬನದ್ವಾರ’. ಒಂದು ಕಿಲೋಮೀಟರಿಗೂ ಹೆಚ್ಚು ದೂರ ಸಾಗಿ ಊರಿನ ಇನ್ನೊಂದು ತುದಿಯಲ್ಲಿ ‘ಅನಂತಸ್ತಂಭ’. ಮೊದಲು ಮರದಲ್ಲಿ ಕಂಡ ಕಂಬವು ಈಗ ಎರಕದ ಕಬ್ಬಿಣದಲ್ಲಿ ಸುಮಾರು 29 ಮೀಟರು ಏರಬೇಕಾಗಿತ್ತು. ಎಂಜಿನಿಯರ್ ಸ್ಟೆಫಾನ್ ಜಾರ್ಜೆಸ್ಕು-ಗೋರ್ಜಾನನು ಒಳಗೆ ಉಕ್ಕಿನ ಬೆನ್ನೆಲುಬನ್ನು ನಿಲ್ಲಿಸುವ ಉಪಾಯವನ್ನು ರಚಿಸಿದನು. ಒಂದೊಂದು ಮಣಿಯ ಎತ್ತರ 180 ಸೆಂಟಿಮೀಟರು. ಅಗಲವಾದ ಕಡೆ 90, ಕಿರಿದಾದ ಕಡೆ 45. ಎರಕಕ್ಕೆ ಬೇಕಾದ ಮರದ ಮಾದರಿಯನ್ನು ಅರುವತ್ತು ದಾಟಿದ ಶಿಲ್ಪಿಯು ಪೆಟ್ರೊಷಾನಿಯ ಕಾರ್ಖಾನೆಯಲ್ಲಿ ತಾನೇ ಕಡೆದುಕೊಟ್ಟನು. ಎಂಜಿನಿಯರರ ನಕ್ಷೆಗಳಿದ್ದರೂ ಕೊನೆಯ ಅಳತೆಯನ್ನು ಹೇಳಿದುದು ಆ ಹಳೆಯ ಬಡಗಿಯ ಕೈ. 1938ರ ಅಕ್ಟೋಬರ್ 27ರಂದು ಸ್ಮಾರಕದ ಉದ್ಘಾಟನೆಯಾಯಿತು. ಈ ಕೆಲಸಕ್ಕೆ ಆತನು ಸಂಭಾವನೆಯನ್ನು ಸ್ವೀಕರಿಸಲಿಲ್ಲ.

ತಾಯ್ನಾಡು ಆ ಉಪಕಾರವನ್ನು ಬೇಗನೆ ಮರೆಯಿತು. ಎರಡನೆಯ ಮಹಾಯುದ್ಧದ ತರುವಾಯ ಬಂದ ಆಡಳಿತಕ್ಕೆ ಇಂಥ ಕಲೆಯು ಜನತೆಗೆ ಹೊರತಾದುದೆಂದು ತೋರಿತು. 1951ರಲ್ಲಿ ಅಲ್ಲಿಯ ವಿದ್ವತ್ಸಭೆಯಲ್ಲಿ ಆತನ ಕೃತಿಗಳನ್ನು ಖಂಡಿಸಿದರು. ಆ ದಶಕದಲ್ಲಿಯೇ ಅನಂತಸ್ತಂಭವನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿದರೆಂದೂ ಅದು ಬೀಳಲಿಲ್ಲವೆಂದೂ ಆ ಊರಿನಲ್ಲಿ ಹೇಳುತ್ತಾರೆ. ರೈತರ ಜಗಲಿಯಿಂದ ಎದ್ದ ಕಂಬವನ್ನು ರೈತರ ಹೆಸರಿನಲ್ಲಿ ಕೆಡವಹೊರಟುದು ವಿಚಿತ್ರ. ಬ್ರಾಂಕೂಸಿಯು 1952ರಲ್ಲಿ ಫ್ರಾನ್ಸಿನ ಪ್ರಜೆಯಾದನು. 2024ರಲ್ಲಿ ಯುನೆಸ್ಕೊ ಸಂಸ್ಥೆಯು ತುರ್ಗು ಜಿಯುವಿನ ಆ ಸ್ಮಾರಕಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಕೊನೆಯ ವರ್ಷಗಳಲ್ಲಿ ಆತನು ಹೊಸದಾಗಿ ಕಡೆದುದು ಬಹಳ ಕಡಿಮೆ. ಇದ್ದ ಕೃತಿಗಳನ್ನೇ ಸ್ಥಳ ಬದಲಿಸಿ, ಬೆಳಕು ಬೀಳುವ ಬಗೆಯನ್ನು ನೋಡಿ, ಧೂಳು ಒರಸಿ, ಮತ್ತೆ ಉಜ್ಜುತ್ತ ಕಾಲಕಳೆದನು. ಒಂದರ ಪಕ್ಕದಲ್ಲಿ ಇನ್ನೊಂದು ನಿಲ್ಲುವ ರೀತಿಯೂ ಶಿಲ್ಪವೇ ಎಂಬುದು ಆತನ ದೃಢವಾದ ಭಾವನೆಯಾಗಿತ್ತು. ಆದುದರಿಂದಲೇ 1956ರಲ್ಲಿ ಬರೆದ ಉಯಿಲಿನಲ್ಲಿ ಕರ್ಮಶಾಲೆಯನ್ನೂ ಅದರೊಳಗಿನ ಎಲ್ಲವನ್ನೂ ಫ್ರೆಂಚ್ ಸರ್ಕಾರಕ್ಕೆ ಕೊಟ್ಟು, ಇದ್ದುದನ್ನು ಇದ್ದಂತೆಯೇ ಉಳಿಸಬೇಕೆಂದು ಕಟ್ಟುಮಾಡಿದನು. 1957ರ ಮಾರ್ಚ್ 16ರಂದು, ಎಂಬತ್ತೊಂದು ವರ್ಷದವನಾಗಿ, ತೀರಿಕೊಂಡನು. ಆತನ ಸಮಾಧಿಯಿರುವುದು ಪ್ಯಾರಿಸಿನ ಮೊಂಪರ್ನಾಸ್ ರುದ್ರಭೂಮಿಯಲ್ಲಿ. ತರುಣಿಯೊಬ್ಬಳ ಗೋರಿಯ ಮೇಲೆ ಆತನೇ ಕಡೆದ, 1909ರ ಇನ್ನೊಂದು ‘ಚುಂಬನ’ವೂ ಅದೇ ರುದ್ರಭೂಮಿಯಲ್ಲಿದೆ. ರೋನ್ಸೆ ಓಣಿಯ ಕರ್ಮಶಾಲೆಯನ್ನು ಅದೇ ಅಳತೆಯಲ್ಲಿ 1997ರಲ್ಲಿ ಪೊಂಪಿದೂ ಕಲಾಕೇಂದ್ರದ ಎದುರಿನಲ್ಲಿ ಮತ್ತೆ ಕಟ್ಟಿದರು. ಹಕ್ಕಿಗಳು, ಕಂಬಗಳು, ಕಡೆಯದೆ ಉಳಿದ ತೊಲೆಗಳು ಮತ್ತು ಕಲ್ಲುಗಳ ಜೊತೆಗೆ ಆತನ ಗರಗಸ, ಬಾಚಿ, ಕೊಡತಿ, ಚಾಣ, ಅರಗಳನ್ನು ಗೋಡೆಗೆ ಸಾಲಾಗಿ ತೂಗುಹಾಕಿದರು.